ಒಂದು ಮನೆಗೆ ಒಂದೇ ನಂಬರು

ಡಾಕ್ಟರ್ ವೆಂಕಟಸ್ವಾಮಿಯವರ ಕ್ಲಿನಿಕ್ಕಿನ ಗಾಜಿನ ಬಾಗಿಲಿಗೆ ಹೊಸ ನಿಯಮಗಳ ಹಾಳೆ ಅಂಟಿಸಿದ ದಿನ ಬಿಂದುಶ್ರೀಗೆ ಸಂತೋಷವೇ ಆಯಿತು. ಮೂವತ್ತೈದು ವರ್ಷ ಹುಳಿಮಾವು ಊರಿನವರ ಜ್ವರ, ಕೆಮ್ಮು, ಬಸಿರು, ಬಾಣಂತನ ಎಲ್ಲ ನೋಡಿದ್ದ ವೆಂಕಟಸ್ವಾಮಿ ಈಗ ಮಂಡಿನೋವೆಂದು ಮನೆಯಲ್ಲಿ ಕೂತಿದ್ದರು. ಅವರ ಕುರ್ಚಿಗೆ ತಮ್ಮನ ಮಗ, ಡಾಕ್ಟರ್ ಆಶ್ರಿತ್ ಬಂದಿದ್ದರು. ಹಾಳೆ ಅವರು ಬರೆಸಿದ್ದು. ಇನ್ನು ಮೇಲೆ ಸುಮ್ಮನೆ ಬಂದು ಬೆಂಚಿನ ಮೇಲೆ ಕೂರುವಂತಿಲ್ಲ, ಆ್ಯಪ್‌ನಲ್ಲಿ ಹೊತ್ತು ಗೊತ್ತುಮಾಡಿಕೊಂಡೇ ಬರಬೇಕು. ಹಳೇ ಚೀಟಿ ತೋರಿಸಿ ಮಾತ್ರೆ ಬರೆಸಿಕೊಳ್ಳುವಂತಿಲ್ಲ. ಡಾಕ್ಟರು ಮನೆಗೆ ಬರುವುದಿಲ್ಲ. ಹಾಸಿಗೆ ಹಿಡಿದವರನ್ನು ವಿಡಿಯೋದಲ್ಲಿ ನೋಡುತ್ತಾರೆ, ಪಕ್ಕದಲ್ಲಿ ಮನೆಯವರೊಬ್ಬರು ಇರಬೇಕು. ಒಂದು ಮನೆಗೆ ಒಂದೇ ಮೊಬೈಲ್ ನಂಬರು. ಯಾರನ್ನೇ ನೋಡಿದರೂ ಅದರ ವಿವರ ಆ ನಂಬರಿಗೆ ಬರುತ್ತದೆ.

ಎರಡೆರಡು ಗಂಟೆ ಬೆಂಚಿನ ಮೇಲೆ ಕಾದು ಸಾಕಾಗಿದ್ದ ಬಿಂದುಶ್ರೀ ಅಲ್ಲೇ ನಿಂತು ಮನೆಯವರ ಹೆಸರೆಲ್ಲ ಬರೆಸಿದಳು.

"ಮನೆ ಹೆಡ್ ಅಂತ ಯಾರ ನಂಬರ್ ಹಾಕ್ಲಿ ಮೇಡಂ?" ಕೌಂಟರಿನ ಹುಡುಗಿ ಸಿರಿ ಕೇಳಿದಳು.

"ನಮ್ಮ ಮಾವನೇ ಹೆಡ್ಡು. ಆದ್ರೆ ಅವರಿಗೆ ಸ್ಟ್ರೋಕ್ ಆಗಿದೆ, ಫೋನ್ ನೋಡಕ್ಕಾಗಲ್ಲ. ನಮ್ಮ ಯಜಮಾನ್ರದು ಹಾಕ್ಕೊಳಿ."

"ನಿಮ್ಮದೇ ಹಾಕ್ಬೋದು ಮೇಡಂ. ಲೇಡೀಸ್ ಸುಮಾರು ಜನ ಅವರದೇ ಕೊಟ್ಟಿದಾರೆ."

"ಬೇಡಮ್ಮ, ಅವರದೇ ಇರ್ಲಿ."

ಗಂಡ ಶಿವರಾಮ್, ಮಾವ ರಾಮಯ್ಯ, ಅತ್ತೆ ಅಂಜನಮ್ಮ, ಪಿಯುಸಿ ಓದುವ ಮಗಳು ಮಧುಶ್ರೀ, ತಾನು. ಐದು ಹೆಸರು, ಒಂದು ನಂಬರು. ಕೆಲಸ ಮುಗಿಯಿತೆಂದುಕೊಂಡು ಬಿಂದುಶ್ರೀ ದಾರಿಯಲ್ಲಿ ಅವರೆಕಾಯಿ ತೆಗೆದುಕೊಂಡು ಮನೆಗೆ ಹೋದಳು.

ಅವರದು ಕೆರೆಯ ಕಡೆ ಹೋಗುವ ಬೀದಿಯಲ್ಲಿ ಎರಡಂತಸ್ತಿನ ಮನೆ. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆಗಿ ಇಪ್ಪತ್ತು ವರ್ಷವಾಗಿತ್ತು. ಕೆಳಗಡೆ ಇವರು, ಮಹಡಿಯಲ್ಲಿ ದಾವಣಗೆರೆ ಕಡೆಯ ರೇವಣಸಿದ್ದಪ್ಪ, ಜಯಶೀಲಾ ದಂಪತಿ ಬಾಡಿಗೆಗಿದ್ದರು. ತಾರಸಿಯ ಮೇಲೆ ನೀರಿನ ಟ್ಯಾಂಕು, ಪಕ್ಕದಲ್ಲಿ ಹಳೇ ಸಾಮಾನು ತುಂಬಿದ ಒಂದು ಶೀಟಿನ ಕೋಣೆ. ಶಿವರಾಮ್ ಬನ್ನೇರುಘಟ್ಟ ರಸ್ತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ.

ರಾಮಯ್ಯನಿಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಎಡಗೈ, ಎಡಗಾಲು ಸತ್ತಿದ್ದವು, ನಾಲಿಗೆ ತೊದಲುತ್ತಿತ್ತು. ಬಲಗೈ ಮಾತ್ರ ನೇಗಿಲು ಹಿಡಿದಿದ್ದ ಕಾಲದ ಹಾಗೆಯೇ ಇತ್ತು. ಚಮಚ ಹಿಡಿ ಎಂದರೆ ಹಿಡಿಯುತ್ತಿರಲಿಲ್ಲ. ಅಂಜನಮ್ಮ ಮಂಚದ ಪಕ್ಕ ಕೂತು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡಬೇಕು. ಸಾರು ಬಿಸಿಯಾದರೆ ಒಂದು ಏಟು, ಆರಿದರೆ ಒಂದು ಏಟು. ಏಟಿನ ಸದ್ದು ಅಡುಗೆಮನೆಗೂ ಕೇಳುತ್ತಿತ್ತು, ಹಾಲಿಗೂ ಕೇಳುತ್ತಿತ್ತು. ಕೇಳಿಸಿಕೊಂಡವರು ತಮ್ಮ ತಮ್ಮ ಕೆಲಸ ಮಾಡಿಕೊಂಡಿರುತ್ತಿದ್ದರು.

ಬಿಪಿ ಮಾತ್ರೆ ಬರೆಸಿಕೊಳ್ಳಲು ಅಂಜನಮ್ಮ ಹೊಸ ಡಾಕ್ಟರ ಹತ್ತಿರ ಒಬ್ಬಳೇ ಹೋದಳು. ಆಶ್ರಿತ್ ಬಿಪಿ ಪಟ್ಟಿ ಕಟ್ಟಲು ತೋಳು ಮೇಲೆ ಸರಿಸಿದಾಗ ಹಸಿರುಗಟ್ಟಿದ ಕಲೆ ಕಂಡಿರಬೇಕು, ಕೇಳಿದ್ದಾರೆ. ಹಳೇ ಡಾಕ್ಟರಿಗೆ ಎಷ್ಟೋ ಸಲ ಹೇಳಿದ್ದ ಹಾಗೆ ಅವಳು ಇವರಿಗೂ ಹೇಳಿದ್ದಾಳೆ. ಹಳಬರು ಕೇಳಿ, ಒಂದು ಮುಲಾಮು ಕೊಟ್ಟು, ಅಲ್ಲಿಗೇ ಬಿಡುತ್ತಿದ್ದರು. ಹೊಸಬರು ಕಂಪ್ಯೂಟರಿನಲ್ಲಿ ಬರೆದರು.

ಮಾರನೇ ದಿನ ಬೆಳಿಗ್ಗೆ ಶಿವರಾಮ್ ಉಪ್ಪಿಟ್ಟು ತಿನ್ನುತ್ತಾ ಫೋನನ್ನು ಮಗಳ ಕಡೆಗೆ ತಳ್ಳಿದ. "ಏನೋ ಕ್ಲಿನಿಕ್ಕಿಂದ ಬಂದಿದೆ. ಓದು, ಅಜ್ಜಿ ಮಾತ್ರೆ ಚೇಂಜ್ ಮಾಡಿದಾರಾ ನೋಡು."

ಮಧುಶ್ರೀ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಹೇಳತೊಡಗಿದಳು. "ಬಿಪಿ ನೂರಾ ಅರವತ್ತು. ಮಾತ್ರೆ ಅದೇ. ಬಲಗೈ ಮೇಲೆ, ಕೆನ್ನೆ ಮೇಲೆ ಹಳೇ ಪೆಟ್ಟು. ಊಟ ಮಾಡಿಸುವಾಗ ಗಂಡ ಹೊಡೀತಾರೆ ಅಂತ ಪೇಷಂಟ್ ಹೇಳ್ತಾರೆ." ಅವಳ ದನಿ ಇಳಿಯಿತು. "ಮನೆಯವರಿಗೆ ಗೊತ್ತು."

"ಏನು?" ಎಂದ ಶಿವರಾಮ್.

"ಹಂಗೇ ಬರ್ದಿದಾರೆ ಅಪ್ಪ. ಫ್ಯಾಮಿಲಿ ಅವೇರ್ ಅಂತ."

ಅಂಜನಮ್ಮ ಬಾಗಿಲ ಹತ್ತಿರ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬೀದಿಗೆ ಹೋಗಿ ಹೇಳಿದ್ಯಾ ಅಮ್ಮ?" ಶಿವರಾಮನ ದನಿ ಏರಲಿಲ್ಲ. "ನಾಳೆ ಆ ಹುಡುಗ ಪೊಲೀಸ್ನೋರಿಗೆ ಕೊಟ್ರೆ? ಹಾಸಿಗೆ ಹಿಡಿದಿರೋ ಮನುಷ್ಯನ್ನ ಎಳ್ಕೊಂಡು ಹೋಗ್ತಾರಾ?"

"ಡಾಕ್ಟ್ರು ಕೇಳಿದ್ರು. ಹೇಳ್ದೆ."

"ಕೇಳಿದ್ದಕ್ಕೆಲ್ಲಾ ಹೇಳ್ತಾರಾ? ಐವತ್ತು ವರ್ಷ ಸುಮ್ನಿದ್ದೋಳಿಗೆ ಈಗೇನು ಬಂತು?"

ಬಿಂದುಶ್ರೀಯನ್ನು ಚುಚ್ಚಿದ್ದು ಏಟಿನ ಮಾತಲ್ಲ, ಮೆಸೇಜಿನ ಕೊನೆಯ ಎರಡು ಪದ. ಈ ಅತ್ತೆಗೆ ಅವಳು ಹದಿನೆಂಟು ವರ್ಷ ಅಡುಗೆ ಮಾಡಿ ಹಾಕಿದ್ದಳು. ಕಾಲುನೋವೆಂದರೆ ಎಣ್ಣೆ ತಿಕ್ಕಿದ್ದಳು. ಈಗ ಯಾರೋ ಮೂವತ್ತು ವರ್ಷದ ಡಾಕ್ಟರ ಕಂಪ್ಯೂಟರಿನಲ್ಲಿ ತಾನೂ ತಪ್ಪಿತಸ್ಥೆ. "ಮನೆಯವರಿಗೆ ಗೊತ್ತು ಅಂದ್ರೆ ಏನತ್ತೆ ಅರ್ಥ?" ಎಂದಳು. "ನಾವು ನಿಂತ್ಕೊಂಡು ನೋಡ್ತಿದೀವಿ ಅಂತಾನಾ?"

ಅಂಜನಮ್ಮ ಒಂದು ಕಾಯಿ ಬಿಡಿಸಿ ಕಾಳು ಪಾತ್ರೆಗೆ ಹಾಕಿದಳು. "ನಿಂತ್ಕೊಂಡು ನೋಡ್ತೀರಾ ಅಂತ ನಾನು ಹೇಳಿಲ್ಲ. ನೀವು ನೋಡೋದೂ ಇಲ್ವಲ್ಲ."

ಆ ಮಾತಿಗೆ ಶಿವರಾಮ್ ತಟ್ಟೆ ಬಿಟ್ಟು ಎದ್ದು ಹೋದ.

ಎರಡು ವಾರದ ನಂತರ ಬಿಪಿ ಮತ್ತೆ ತೋರಿಸಬೇಕಿತ್ತು. ಈ ಸಲ ಬಿಂದುಶ್ರೀಯೂ ಹೊರಟಳು. ಆಶ್ರಿತ್ ಏನು ಕೇಳಿದರೂ ಉತ್ತರ ಅವಳದೇ. ನಿದ್ದೆ ಬರುತ್ತೆ. ಊಟ ಸೇರುತ್ತೆ. ತಲೆಸುತ್ತು ಇಲ್ಲ.

"ಕೈಗೆ ಮತ್ತೆ ಪೆಟ್ಟಾಗಿದೆಯಲ್ಲ?" ಎಂದರು ಆಶ್ರಿತ್.

"ಬಚ್ಚಲಲ್ಲಿ ಜಾರಿದ್ರು."

ಆಶ್ರಿತ್ ಕಂಪ್ಯೂಟರಿನಿಂದ ಕೈ ತೆಗೆದು, "ಮೇಡಂ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ತೀರಾ?" ಎಂದರು.

"ಅತ್ತೆಗೆ ಕಿವಿ ಕೇಳ್ಸಲ್ಲ ಡಾಕ್ಟ್ರೇ. ನಾನು ಹೇಳಿದ್ರೇ ತಿಳಿಯೋದು."

ಪಕ್ಕದ ಬೀದಿಯಲ್ಲಿ ಸೊಪ್ಪಿನವನು ಕೂಗಿದರೆ ಮನೆಯೊಳಗಿಂದಲೇ ಕೇಳಿಸಿಕೊಳ್ಳುವ ಅಂಜನಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಲೇ ಇಲ್ಲ. ಆ ದಿನ ಬಂದ ಮೆಸೇಜಿನಲ್ಲಿ ಬಿಪಿ ಮತ್ತು ಮಾತ್ರೆಯ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಶಿವರಾಮ್ ಓದಿ ಹೆಂಡತಿಗೆ, "ಇನ್ಮೇಲೆ ನೀನೇ ಹೋಗು ಜೊತೆಗೆ" ಎಂದ.

ಒಂದು ವಾರ ಕಳೆಯಿತು. ಒಂದು ಮಧ್ಯಾಹ್ನ ಅಂಜನಮ್ಮ ಮಹಡಿಯ ಜಯಶೀಲಾಳ ಜೊತೆ ದೇವಸ್ಥಾನಕ್ಕೆಂದು ಹೋದವಳು ತಡವಾಗಿ ಬಂದಳು. ಸಂಜೆ ಶಿವರಾಮ್ ಅಂಗಡಿಯಿಂದ ಬಂದು ಹಾಲಿನಲ್ಲಿ ನಿಂತೇ ಫೋನು ಹಿಡಿದು ಗಟ್ಟಿಯಾಗಿ ಓದಿದ. ಈ ಸಲ ಕನ್ನಡದಲ್ಲೇ ಇತ್ತು. "ಅಂಜನಮ್ಮ ಅವರು ನಿಮ್ಮ ಕುಟುಂಬದಿಂದ ಹೊರಬಂದಿದ್ದಾರೆ. ಇನ್ನು ಮುಂದೆ ಅವರ ವಿವರಗಳು ನಿಮಗೆ ಬರುವುದಿಲ್ಲ."

"ಏನಮ್ಮ ಇದು?"

"ನಂದೇ ಒಂದು ನಂಬರ್ ತಗೊಂಡೆ," ಎಂದಳು ಅಂಜನಮ್ಮ. ಸೊಂಟದಿಂದ ಒಂದು ಸಣ್ಣ ಗುಂಡಿ ಫೋನು ತೆಗೆದು ತೋರಿಸಿದಳು. "ಜಯಶೀಲಾ ಕೊಡ್ಸಿದ್ಲು. ಕ್ಲಿನಿಕ್ಕಲ್ಲಿ ಆಧಾರ್ ಕೇಳಿದ್ರು, ತೋರಿಸ್ದೆ."

"ಬಾಡಿಗೆಯೋರ ಜೊತೆ ಹೋಗಿ ಮನೆ ಒಡ್ಕೊಂಡು ಬಂದ್ಯಾ?"

"ಮನೆ ಯಾಕಪ್ಪ ಒಡೀಲಿ. ಮಾತ್ರೆ ಬರಿಸ್ಕೊಳಕ್ಕೆ ತಾನೆ."

ಶಿವರಾಮ್ ಫೋನು ಹಿಡಿದುಕೊಂಡು ಅಪ್ಪನ ಕೋಣೆಗೆ ಹೋಗಿ ಅದೇ ಮೆಸೇಜನ್ನು ಇನ್ನೊಂದು ಸಲ, ನಿಧಾನವಾಗಿ ಓದಿದ. ರಾಮಯ್ಯ ತಲೆದಿಂಬಿನ ಮೇಲಿಂದಲೇ ಕೇಳಿದ. ಬಾಯಿಯ ಬಲಗಡೆ ಮಾತ್ರ ಅಲುಗಿತು. "ಓ...ಗ್ಲಿ" ಎಂದ. ಹೋಗಲಿ.

ಬಿಂದುಶ್ರೀ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಕಿವಿ ಕೇಳುವುದಿಲ್ಲವೆಂದು ತಾನು ಡಾಕ್ಟರಿಗೆ ಸುಳ್ಳು ಹೇಳಿದ ದಿನದಿಂದ ಅತ್ತೆ ಅವಳೊಂದಿಗೆ ಮಾತು ಬಿಟ್ಟಿದ್ದಳು. ಆ ಸಿಟ್ಟೆಲ್ಲ ಈಗ ಬಾಯಿಗೆ ಬಂತು. "ಕುಟುಂಬದಿಂದ ಹೊರಗೆ ಹೋದೋರಿಗೆ ನಾನ್ಯಾಕೆ ಮುದ್ದೆ ಕಟ್ಲಿ?" ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಯಾರಾದರೂ ಗದರಿಸುತ್ತಾರೆಂದು ಅವಳು ಕಾದಳು. ಗಂಡ ಗದರಿಸಲಿಲ್ಲ. ಮಗಳು ಪುಸ್ತಕದಿಂದ ತಲೆ ಎತ್ತಿ ಮತ್ತೆ ಇಳಿಸಿದಳು. ಅಂಜನಮ್ಮ ಎದ್ದು ಒಳಗೆ ಬಂದು, ಗೂಡಿನಿಂದ ತನ್ನ ತಟ್ಟೆ, ಲೋಟ, ಒಂದು ಪಾತ್ರೆ ತೆಗೆದುಕೊಂಡಳು. ರಾಗಿ ಹಿಟ್ಟಿನ ಡಬ್ಬದ ಮುಂದೆ ನಿಂತು, "ಇದ್ರಲ್ಲಿ ಎರಡು ಸೇರು ತಗೋಬೋದಾ?" ಎಂದು ಕೇಳಿದಳು. ತನ್ನ ಗಂಡನ ಹೊಲದ ರಾಗಿ ಬೀಸಿಸಿ ಅರ್ಧ ಬೀದಿಗೆ ಹಂಚುತ್ತಿದ್ದವಳು ಸೊಸೆಯನ್ನು ಹಾಗೆ ಕೇಳಿದಳು.

"ತಗೊಳಿ," ಎಂದಳು ಬಿಂದುಶ್ರೀ.

ತಾರಸಿಯ ಕೋಣೆಯನ್ನು ಜಯಶೀಲಾ ಗುಡಿಸಿಕೊಟ್ಟಳು. ರೇವಣಸಿದ್ದಪ್ಪ ತಮ್ಮ ಹಳೇ ಸ್ಟೌವು, ಸಣ್ಣ ಸಿಲಿಂಡರು ಮೇಲೆ ಸಾಗಿಸಿದರು. ಮೂರು ದಿನದಲ್ಲಿ ಇಳಿದು ಬರುತ್ತಾಳೆ ಎಂದ ಶಿವರಾಮ್. ವಾರವಾಯಿತು, ಅವಳು ಇಳಿಯಲಿಲ್ಲ. ಶಿವರಾಮ್ ಮೇಲೆ ಹತ್ತಲಿಲ್ಲ.

ರಾಮಯ್ಯನಿಗೆ ಉಣ್ಣಿಸುವ ಕೆಲಸ ಬಿಂದುಶ್ರೀಯದಾಯಿತು. ಸೊಸೆಯೆಂಬ ಸಂಕೋಚದಲ್ಲಿ ಮೊದಲೆರಡು ದಿನ ಮುದುಕ ಕೈ ಎತ್ತಲಿಲ್ಲ. ಮೂರನೇ ದಿನ ಲೋಟ ತಳ್ಳಿದ. ಐದನೇ ದಿನ ಅವಳ ಮಣಿಕಟ್ಟು ಹಿಡಿದು ತಿರುಚಿದ. ಬಿಂದುಶ್ರೀ ಗಂಡನಿಗೆ ಹೇಳಿದಳು.

"ಅಪ್ಪಂಗೆ ಆಗಿರೋದು ಏನು ಸಣ್ಣ ಕಾಯಿಲೆನಾ? ಬೇಕೂಂತ ಮಾಡ್ತಾರಾ?" ಎಂದ ಅವನು.

"ಒಬ್ರನ್ನ ಕೆಲಸಕ್ಕೆ ಇಟ್ಕೊಳೋಣ. ಹೋಮ್ ನರ್ಸ್ ಸಿಗ್ತಾರೆ."

"ಹೊರಗಿನೋರು ಬಂದು ನೋಡ್ಲಿ ಅಂತಾನಾ?"

ಅದಾದ ಭಾನುವಾರ ಅವರೆಕಾಳಿನ ಸಾರು. ಶಿವರಾಮ್ ಅಪ್ಪನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕ್ರಿಕೆಟ್ ನೋಡುತ್ತಿದ್ದ. ಬಿಂದುಶ್ರೀ ಮೊದಲ ತುತ್ತು ಇಡುವಷ್ಟರಲ್ಲಿ ರಾಮಯ್ಯ ತಟ್ಟೆಗೆ ಕೈ ಬೀಸಿದ. ಕುದಿಯುವ ಸಾರು ಅವಳ ತೊಡೆಯ ಮೇಲೆ ಬಿತ್ತು. ಸೀರೆ ಅಂಟಿಕೊಂಡಿತು. ಅವಳು ಬಚ್ಚಲಿಗೆ ಓಡಿ ನೀರು ಸುರಿದುಕೊಂಡಳು. ಹೊರಗೆ ಬಂದಾಗ ಶಿವರಾಮ್ ಟಿವಿಯ ಸದ್ದು ಕಡಿಮೆ ಮಾಡಿದ್ದ.

"ಅಪ್ಪಂಗೆ ಅಷ್ಟು ಬಿಸಿ ಆಗಲ್ಲ ಅಂತ ಗೊತ್ತಿಲ್ವಾ ನಿಂಗೆ?" ಎಂದ.

ಬೆಳಿಗ್ಗೆಯ ಹೊತ್ತಿಗೆ ಅಂಗೈಯಗಲ ಬೊಬ್ಬೆ ಎದ್ದಿತ್ತು. ಆ್ಯಪ್‌ನಲ್ಲಿ ಹನ್ನೊಂದು ಗಂಟೆಗೆ ಜಾಗ ಸಿಕ್ಕಿತು. ಆಶ್ರಿತ್ ಗಾಯ ತೊಳೆದು ಪಟ್ಟಿ ಹಾಕಿ, ಕಂಪ್ಯೂಟರಿನ ಮುಂದೆ ಕೂತು, "ಹೇಗಾಯ್ತು ಮೇಡಂ?" ಎಂದು ಕೇಳಿದರು. ಅವರ ಬೆರಳು ಕೀಲಿಗಳ ಮೇಲಿತ್ತು.

ಬಿಂದುಶ್ರೀ ಆ ಬೆರಳುಗಳನ್ನೇ ನೋಡಿದಳು. ಮೆಸೇಜು ಯಾರಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು; ನಂಬರು ಕೊಟ್ಟವಳು ಅವಳೇ. "ಕುಕ್ಕರ್ ಮುಚ್ಚಳ ಬೇಗ ತೆಗೆದ್ಬಿಟ್ಟೆ," ಎಂದಳು.

ಆಶ್ರಿತ್ ಅದನ್ನು ಬರೆದರು. ಈ ಸಲ ಎರಡನೇ ಪ್ರಶ್ನೆ ಕೇಳಲಿಲ್ಲ. ಹೊರಗೆ ಹನ್ನೊಂದೂಕಾಲಿಗೆ ಹೊತ್ತು ಗೊತ್ತುಮಾಡಿಕೊಂಡಿದ್ದವರು ಬಂದು ಕೂತಿದ್ದರು.

ಮಧ್ಯಾಹ್ನ ಊಟಕ್ಕೆ ಬಂದ ಶಿವರಾಮ್ ಮೆಸೇಜು ಓದಿಕೊಂಡೇ ಬಂದಿದ್ದ. ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುತ್ತಾ, "ಒಳ್ಳೇದು ಮಾಡ್ದೆ," ಎಂದ. "ಹಂಗೇ ಹೇಳ್ಬೇಕು."

ಹದಿನೆಂಟು ವರ್ಷದಲ್ಲಿ ಅವನು ಅವಳನ್ನು ಹೊಗಳಿದ್ದು ಕಡಿಮೆ. ಬಿಂದುಶ್ರೀ ಉಪ್ಪಿನಕಾಯಿ ಬಡಿಸಿ, ಕೈ ತೊಳೆದು, ಕಾಲೆಳೆದುಕೊಂಡು ತಾರಸಿಗೆ ಹತ್ತಿದಳು. ಮೆಟ್ಟಿಲಿನಲ್ಲೇ ಸೊಪ್ಪಿನ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು.

ಅಂಜನಮ್ಮ ಚಾಪೆಯ ಮೇಲೆ ಕೂತು ಒಬ್ಬಳೇ ಉಣ್ಣುತ್ತಿದ್ದಳು. ಕೆನ್ನೆಯ ಕಲೆ ಹೋಗಿತ್ತು. ಮುಖ ಸ್ವಲ್ಪ ತುಂಬಿಕೊಂಡ ಹಾಗೂ ಕಂಡಿತು. ಸೊಸೆಯ ನಡಿಗೆ ನೋಡಿ, "ಕಾಲಿಗೇನಾಯ್ತು?" ಎಂದಳು.

"ಮಾವ ಸಾರು ಎಸೆದ್ರು."

"ಡಾಕ್ಟ್ರಿಗೆ ಏನು ಹೇಳ್ದೆ?"

ಬಿಂದುಶ್ರೀ ಚಾಪೆಯ ಅಂಚು ಸರಿಮಾಡಿ ಕೂತಳು. ಅಂಜನಮ್ಮ ಇನ್ನೊಂದು ತುತ್ತು ನುಂಗಿದಳು.

"ಅತ್ತೆ, ತಪ್ಪಾಯ್ತು. ಆವತ್ತು ಸಿಟ್ಟಲ್ಲಿ ಅಂದ್ಬಿಟ್ಟೆ. ಕೆಳಗೆ ಬನ್ನಿ. ನಿಮ್ಮ ನಂಬರ್ ನಿಮ್ಮ ಹತ್ರಾನೇ ಇರ್ಲಿ, ಯಾರೂ ಕೇಳಲ್ಲ."

"ಬಂದು?"

"ಮಾವಂಗೆ ನಿಮ್ಮ ಕೈಯೂಟ ಅಭ್ಯಾಸ."

"ನನ್ನ ಕೈಯೂಟ ಅಲ್ಲ. ನನ್ನ ಹೊಡೆಯೋದು ಅಭ್ಯಾಸ," ಎಂದಳು ಅಂಜನಮ್ಮ. ಅದರಲ್ಲಿ ಕೋಪವಿರಲಿಲ್ಲ. "ನನ್ನನ್ನ ಹೊಡೆಸ್ಕೊಳಕ್ಕೆ ಕರಿಯಕ್ಕೆ ಬಂದಿದೀಯ ನೀನು. ನಿನ್ನ ಬದಲು."

ಬಿಂದುಶ್ರೀಯ ಕಣ್ಣಲ್ಲಿ ನೀರು ಬಂತು. ಅಂಜನಮ್ಮ ಅದನ್ನು ನೋಡಿದಳು. ತಟ್ಟೆಯಲ್ಲಿ ಉಳಿದಿದ್ದ ಸಾರನ್ನು ಬೆರಳಲ್ಲಿ ಬಳಿದು ಮುಗಿಸಿ, ತಟ್ಟೆಯಲ್ಲೇ ಕೈ ತೊಳೆದಳು.

"ಗಂಜಿ ಕೊಡು," ಎಂದಳು.

"ಏನತ್ತೆ?"

"ಮುದ್ದೆ, ಸಾರು, ತಟ್ಟೆ ಏನೂ ಬೇಡ. ನೀರು ನೀರಾಗಿ ಗಂಜಿ ಮಾಡಿ, ಆರಿಸಿ, ಲೋಟಕ್ಕೆ ಹಾಕಿ ಸ್ಟ್ರಾ ಇಡು. ಮೂರು ಹೊತ್ತೂ ಅದನ್ನೇ. ಎಸೆದ್ರೆ ಆ ಹೊತ್ತಿಗೆ ಇನ್ನೊಂದು ಲೋಟ ಕೊಡ್ಬೇಡ. ಹದಿನೈದು ದಿನಕ್ಕೆ ಕೈ ತಣ್ಣಗಾಗುತ್ತೆ."

ಕೆಳಗೆ ಬೀದಿಯಲ್ಲಿ ಸ್ಕೂಲ್ ವ್ಯಾನು ಹಾರ್ನ್ ಹೊಡೆಯಿತು. ಬಿಂದುಶ್ರೀ, "ಗೊತ್ತಿದ್ದೂ ನೀವ್ಯಾಕೆ ಹಂಗೆ ಮಾಡ್ಲಿಲ್ಲ?" ಎಂದು ಕೇಳಿದಳು.

"ನಂಗೆ ಮನಸ್ಸು ಬರ್ಲಿಲ್ಲ," ಎಂದಳು ಅಂಜನಮ್ಮ. "ನಿಂಗೆ ಬರುತ್ತೆ."

ಬಿಂದುಶ್ರೀ ಆ ರಾತ್ರಿಯ ಊಟಕ್ಕೆ ಮುದ್ದೆಯನ್ನೇ ಕೊಟ್ಟಳು. ಕೆನ್ನೆಗೆ ಏಟು ಬಿತ್ತು. ಮಾರನೇ ಬೆಳಿಗ್ಗೆ ಗಂಜಿ ಮಾಡಿದಳು.

ಮೊದಲ ಲೋಟ ಗೋಡೆಗೆ ಬಡಿಯಿತು. ಅವಳು ನೆಲ ಒರೆಸಿ ಹೊರಗೆ ಹೋದಳು, ಮಧ್ಯಾಹ್ನದವರೆಗೆ ಆ ಕಡೆ ಬರಲಿಲ್ಲ. ಮಧ್ಯಾಹ್ನದ ಲೋಟವೂ ಬಿತ್ತು. ರಾತ್ರಿಯದನ್ನು ರಾಮಯ್ಯ ಕುಡಿದ. ನಾಲ್ಕನೇ ದಿನ ಅವನು ಮುದ್ದೆ ಬೇಕೆಂದು ಬೆರಳು ಮಡಿಸಿ ಉಂಡೆ ಮಾಡಿ ತೋರಿಸಿದ. "ಡಾಕ್ಟ್ರು ಬೇಡ ಅಂದಿದಾರೆ ಮಾವ," ಎಂದಳು. ಡಾಕ್ಟರನ್ನು ಅವಳು ಕೇಳಿರಲಿಲ್ಲ. ಶಿವರಾಮ್ ಕೇಳಿದಾಗಲೂ ಅದನ್ನೇ ಹೇಳಿದಳು. ಅಪ್ಪನ ಕೋಣೆ ನಿಶ್ಶಬ್ದವಾದದ್ದಕ್ಕೆ ಅವನಿಗೆ ಸಮಾಧಾನವಾಗಿತ್ತು, ಮುಂದೆ ಕೇಳಲಿಲ್ಲ. ಮಧ್ಯಾಹ್ನ ತಾರಸಿಯಿಂದ ಒಗ್ಗರಣೆಯ ವಾಸನೆ ಇಳಿದು ಬಂದಾಗ ರಾಮಯ್ಯ ಚಾವಣಿ ನೋಡುತ್ತಾ, "ಅಂ...ನಿ, ಅಂ...ನಿ" ಎಂದು ಹೆಂಡತಿಯನ್ನು ಕರೆಯುತ್ತಿದ್ದ. ದನಿ ಮೇಲಿನವರೆಗೆ ಹೋಗುತ್ತಿತ್ತೋ ಏನೋ. ಅವಳು ಬರಲಿಲ್ಲ.

ಮೂರು ವಾರವಾದ ಮೇಲೆ ವಿಡಿಯೋದಲ್ಲಿ ತೋರಿಸುವ ದಿನ ಬಂತು. ಬಿಂದುಶ್ರೀ ಮಾವನಿಗೆ ಮುಖ ಒರೆಸಿ, ಕತ್ತಿನವರೆಗೆ ಹೊದಿಕೆ ಎಳೆದು, ಫೋನು ಹಿಡಿದಳು. ಆಶ್ರಿತ್ ಕಂಡರು.

"ಹೇಗಿದಾರೆ? ಊಟ ಸರಿಯಾಗಿ ಮಾಡ್ತಿದಾರಾ?"

"ಗಂಜಿ ಮಾತ್ರ ಸೇರುತ್ತೆ ಡಾಕ್ಟ್ರೇ. ಗಟ್ಟಿ ಕೊಟ್ರೆ ನುಂಗಲ್ಲ."

"ನುಂಗುವಾಗ ಕೆಮ್ಮು ಬರುತ್ತಾ?"

"ಒಂದೊಂದ್ಸಲ."

ರಾಮಯ್ಯ ಫೋನಿನ ಕಡೆ ಕತ್ತು ತಿರುಗಿಸಿದ. "ಮು..." ಎಂದ. ತುಟಿ ಕೂಡಿಸಲು ಬಹಳ ಕಷ್ಟಪಟ್ಟ. "ಮು... ಮು..."

"ಏನೋ ಹೇಳ್ತಿದಾರಲ್ಲ?"

"ಮೊಮ್ಮಗಳನ್ನ ಕರೀತಿದಾರೆ ಡಾಕ್ಟ್ರೇ. ಮಧು, ಬಾಮ್ಮ ಇಲ್ಲಿ, ತಾತ ಕರೀತಿದಾರೆ."

ಹಾಲಿನಲ್ಲಿ ಓದುತ್ತಿದ್ದ ಮಧುಶ್ರೀ ಬಂದು ಮಂಚದ ಪಕ್ಕ ನಿಂತಳು. ತಾತ ಅವಳ ಮುಖ ನೋಡಿ ಮತ್ತೆ, "ಮು...ದ್ದ" ಎಂದ. ಹುಡುಗಿಗೆ ತಿಳಿಯಿತು. ಅವಳು ಅಮ್ಮನ ಕಡೆ ನೋಡಿದಳು. ಅಮ್ಮನ ಮುಖದಲ್ಲಿ ಏನು ಕಂಡಿತೋ, ಮಧುಶ್ರೀ ಫೋನಿಗೆ ಮುಖ ಮಾಡಿ, "ಹೂಂ ಅಂಕಲ್, ನನ್ನೇ ಕರ್ದಿದ್ದು," ಎಂದಳು.

"ಸರಿ. ಗಂಜಿಗೆ ಸ್ವಲ್ಪ ಬೇಳೆ ಕಟ್ಟು ಸೇರಿಸಿ. ತೂಕ ಇಳೀದ ಹಾಗೆ ನೋಡ್ಕೊಳಿ," ಎಂದು ಆಶ್ರಿತ್ ಮುಂದಿನ ತಿಂಗಳ ದಿನ ಹೇಳಿದರು. ಪರದೆ ಕಪ್ಪಾಯಿತು.

ಮಧುಶ್ರೀ ತಾತನನ್ನು ಇನ್ನೊಮ್ಮೆ ನೋಡದೆ ಹಾಲಿಗೆ ಹೋದಳು.

ರಾಮಯ್ಯನ ಬಲಗೈ ಹೊದಿಕೆಯ ಕೆಳಗಿಂದ ಹೊರಬಂತು. ಬಿಂದುಶ್ರೀ ಅಭ್ಯಾಸಬಲದಿಂದ ಹಿಂದಕ್ಕೆ ಸರಿದಳು. ಕೈ ಅರ್ಧದವರೆಗೆ ಎದ್ದು, ನಡುಗಿ, ಹಾಸಿಗೆಯ ಮೇಲೆ ಬಿತ್ತು. ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತಿತ್ತು. ಅವಳು ಸ್ವಲ್ಪ ಹೊತ್ತು ಕಾದು ನೋಡಿದಳು. ಅದು ಮತ್ತೆ ಏಳಲಿಲ್ಲ. ಆಗ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಎಷ್ಟೋ ದಿನದ ಮೇಲೆ ಬೆನ್ನು ಆನಿಸಿ ಕೂತು, ಲೋಟ ಎತ್ತಿದಳು.

"ಕುಡೀರಿ ಮಾವ," ಎಂದಳು. "ಆರಿದೆ."